ದುಕ್ಮ್‌ಗೆ ಒಯ್ದ ಆಕ್ಸಲ್‌ಗಳು

ಮಸ್ಕತ್ತಿನ ಘಾಲಾದಲ್ಲಿದ್ದ ನಮ್ಮ ಗ್ಯಾರೇಜಿನಿಂದ ಬೆಳಿಗ್ಗೆ ಬೇಗನೆ ಹೊರಟೆ. ಪಿಕಪ್ಪಿನ ಹಿಂದೆ ಹೊಸ ಆಕ್ಸಲ್‌ಗಳು, ಜಾಕ್‌ಗಳು, ಮರದ ದಿಮ್ಮಿಗಳು ಇದ್ದವು. ತೊಂಬತ್ತರ ದಶಕದ ಆರಂಭದ ಒಂದು ಆಗಸ್ಟ್. ಒಮಾನಿನ ಕಡಲ ತೀರದ ದುಕ್ಮ್‌ನಲ್ಲಿ ಆಗ ಮೀನುಗಾರರ ಕೆಲವು ಮನೆಗಳು, ಅವುಗಳಾಚೆ ನಮ್ಮ ಕಂಪನಿಯ ರಸ್ತೆ ಕೆಲಸದ ಕ್ಯಾಂಪ್, ಅಷ್ಟೇ. ಅಲ್ಲಿ ಇಂಗ್ಲಿಷ್ ಸರ್ವೇಯರ್ ಒಬ್ಬರು ಬಿಟ್ಟುಹೋದ ಹಳೆಯ ಟ್ರೇಲರ್ ಇತ್ತು; ಹಾಸಿಗೆ, ಕಪಾಟು, ಕಿಟಕಿಗಳಿರುವ ಚಕ್ರದ ಮನೆ. "ಖಾಲಿ ಬಿದ್ದಿದೆ, ಆಕ್ಸಲ್ ಬದಲಾಯಿಸಿ ಎಳೆದುಕೊಂಡು ಬಾ" ಎಂದಿದ್ದರು ಮ್ಯಾನೇಜರ್. ಅವರ ಮಕ್ಕಳು ರಜೆಗೆ ಬಂದಿದ್ದರು. ಬೀಚಿಗೆ ಹೋಗಲು ಅದು ಬೇಕಿತ್ತು.

ನಿಜ್ವಾದಲ್ಲಿ ಮಲಯಾಳಿ ಹೋಟೆಲಿನಲ್ಲಿ ಪರೋಟ, ಆಮ್ಲೆಟ್ ತಿಂದೆ. ಆದಮ್ ದಾಟಿದ ಮೇಲೆ ಬೆಟ್ಟಗಳು ಮುಗಿದು ಬರೀ ಬಯಲು. ಹೈಮಾದಲ್ಲಿ ಮಲಗಿ, ಮರುದಿನ ಟಾರು ರಸ್ತೆ ಬಿಟ್ಟು ಪೂರ್ವಕ್ಕೆ ಜಲ್ಲಿ ದಾರಿ ಹಿಡಿದೆ. ಒಟ್ಟು ಆರುನೂರು ಕಿಲೋಮೀಟರಿನ ಹತ್ತಿರ. ಜಲ್ಲಿ ದಾರಿಯ ಕುಲುಕಾಟಕ್ಕೆ ಹಲ್ಲು ಕಟಕಟ ಎನ್ನುತ್ತಿತ್ತು. ಮಸ್ಕತ್ತಿನಲ್ಲಿ ಬೆವರು ಆರದ ಆ ತಿಂಗಳಲ್ಲಿ ದುಕ್ಮ್‌ನ ಕಡಲ ಗಾಳಿಗೆ ಮೈ ನಡುಗಿತು.

ಟ್ರೇಲರ್ ಖಾಲಿ ಇರಲಿಲ್ಲ. ಬಾಗಿಲ ಬಳಿ ಲುಂಗಿ ಒಣಗುತ್ತಿತ್ತು, ತುಪ್ಪದ ಡಬ್ಬಿಯಲ್ಲಿ ಪುದೀನ ಚಿಗುರಿತ್ತು. ಒಳಗಿನಿಂದ ನರೆತ ಗಡ್ಡದವರೊಬ್ಬರು ಇಳಿದು ಬಂದರು. ಕ್ಯಾಂಪಿನ ಅಡುಗೆಯವರು, ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ಹೆಸರು ಇದಿನಬ್ಬ. ನನ್ನ ಹೆಸರು ಕೇಳಿ, ನಾನು ಕಿನ್ನಿಗೋಳಿಯವನೆಂದು ತಿಳಿದದ್ದೇ ನನ್ನ ಕೈ ಹಿಡಿದುಕೊಂಡರು.

"ಪೊರ್ಬುಗಳಾ! ಬನ್ನಿ, ಬನ್ನಿ" ಎಂದರು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ. "ಇದನ್ನು ಸರಿ ಮಾಡಿಸಿ ಅಂತ ನೀರಿನ ಟ್ಯಾಂಕರಿನವನ ಹತ್ರ ಎಷ್ಟು ಸಲ ಹೇಳಿ ಕಳಿಸಿದ್ದೆ! ಮಲಗಿದ್ರೆ ಒಂದು ಬದಿಗೆ ಜಾರ್ತೇನೆ ಮಾರಾಯ್ರೆ. ಅಂತೂ ಕಂಪನಿಗೆ ನನ್ನ ನೆನಪಾಯ್ತಲ್ಲ!"

ಅವರಿಗೆ ಉಬ್ಬಸ. ಟೆಂಟಿನ ಮರಳಿನ ಧೂಳಿನಲ್ಲಿ ಉಸಿರು ಕಟ್ಟುತ್ತದೆಂದು ಸರ್ವೇಯರೇ ಹೋಗುವಾಗ ಇದರಲ್ಲಿರಲು ಹೇಳಿದ್ದರಂತೆ. ಟ್ರೇಲರನ್ನು ಒಯ್ಯಲು ಬಂದವನೆಂದು ಆ ಕ್ಷಣವೇ ನಾನು ಹೇಳಬೇಕಿತ್ತು. "ನೋಡುವ ಬ್ಯಾರಿಗಳೇ" ಎಂದು ಜಾಕ್ ಇಳಿಸಿದೆ.

ಟ್ರೇಲರಿನಡಿ ತೆವಳಿದೆ. ಆಕ್ಸಲ್ಲಿನ ಕೊಳವೆಯೊಳಗೆ ಭಾರ ತಾಳುವ ರಬ್ಬರು ಗಟ್ಟಿಯಾಗಿ ಸತ್ತುಹೋಗಿತ್ತು. ಮನೆ ಒಂದು ಮಗ್ಗುಲಿಗೆ ಕುಸಿದು ಟಯರು ಮೇಲಿನ ತಗಡಿಗೆ ಉಜ್ಜುತ್ತಿತ್ತು. ಟ್ರೇಲರನ್ನು ಎತ್ತಿ ದಿಮ್ಮಿಗಳ ಮೇಲೆ ಕೂರಿಸಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಹಾಕಿ ಬಿಟ್ಟೆ. ಅಷ್ಟರಲ್ಲಿ ಇದಿನಬ್ಬ ಬಂಗುಡೆ ಸಾರು, ಕುಚಲಕ್ಕಿ ಅನ್ನ ಬಡಿಸಿದರು. ಊರಿಂದ ತಂದು ಜೋಪಾನ ಮಾಡಿದ ಅಕ್ಕಿ. "ಇನ್ನೊಂದು ತುಂಡು ಹಾಕಿಕೊಳ್ಳಿ, ಕೆಲಸ ಮಾಡುವವರು ನೀವು" ಎಂದರು. ಹಾಕಿಸಿಕೊಂಡೆ.

ಮರುದಿನ ಹೊಸ ಆಕ್ಸಲ್‌ಗಳನ್ನು ಬಿಗಿದು ಕೆಳಗಿಳಿಸಿದಾಗ ಟ್ರೇಲರ್ ನೆಟ್ಟಗೆ ನಿಂತಿತು. ಇದಿನಬ್ಬ ಒಳಹೋಗಿ ಮಲಗಿ ನೋಡಿ, "ಜಾರುವುದಿಲ್ಲ!" ಎಂದು ಕೂಗಿದರು. ಇನ್ನು ತಾಳಲಾಗದೆ ಕ್ಯಾಂಪಿನ ಆಫೀಸಿಗೆ ಹೋಗಿ ವೈರ್‌ಲೆಸ್‌ನಲ್ಲಿ ಮ್ಯಾನೇಜರರನ್ನು ಹಿಡಿದು, ಹಿಂದಿಯಲ್ಲಿ ಹೇಳಿದೆ.

"ಸರ್, ಇದರಲ್ಲಿ ಅಡುಗೆಯವರು ಇದ್ದಾರೆ."

"ಅವನಿಗೆ ಟೆಂಟ್ ಇಲ್ಲವಾ? ಗುರುವಾರ ನನಗೆ ಗಾಡಿ ಬೇಕು. ಖಲಾಸ್."

ಉಬ್ಬಸದ ಮಾತು ನಾಲಗೆಯ ತುದಿಗೆ ಬಂದಿತ್ತು. "ಓಕೆ ಸರ್, ನಾಳೆ ಎಳೆದುಕೊಂಡು ಹೊರಡ್ತೇನೆ" ಎಂದುಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ಇದಿನಬ್ಬ. ಕೈಯಲ್ಲಿ ನನಗೆಂದು ತಂದ ಚಹಾ.

"ನಿನ್ನೆಯೇ ಹೇಳಬಹುದಿತ್ತಲ್ಲ ಪೊರ್ಬುಗಳೇ" ಎಂದರು ಮೆಲ್ಲಗೆ. "ಕಂಪನಿ ನನ್ನ ಮನೆ ರಿಪೇರಿ ಮಾಡಿಸ್ತಾ ಉಂಟು ಅಂತ ನಾನು ಎಲ್ಲರಿಗೂ ಹೇಳಿ ಆಯ್ತು."

ಚಹಾ ಮೇಜಿನ ಮೇಲಿಟ್ಟು ಹೋದರು.

ಬೆಳಿಗ್ಗೆ ನೋಡಿದರೆ ಟ್ರೇಲರ್ ಖಾಲಿ, ಗುಡಿಸಿ ಒರೆಸಿ ಆಗಿತ್ತು. ಕೆಲಸದವರು ಅವರ ಹಾಸಿಗೆಯನ್ನು ಟೆಂಟಿಗೆ ಹೊರುತ್ತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಇದಿನಬ್ಬ ಮಾತ್ರ ಬಂದು ಕಾಗದದಲ್ಲಿ ಕಟ್ಟಿದ ಚಪಾತಿ ಕೊಟ್ಟು, "ಕಪಾಟಿನ ಬಾಗಿಲು ತೆರೆದುಕೊಳ್ತದೆ, ನಿಧಾನ ಹೋಗಿ" ಎಂದರು. ಏನಾದರೂ ಹೇಳಬೇಕೆಂದು ಕಿಟಕಿ ಇಳಿಸಿದೆ. ಗೇರು ಹಾಕಿದೆ. ಕನ್ನಡಿಯಲ್ಲಿ ಟ್ರೇಲರೇ ತುಂಬಿಕೊಂಡಿತ್ತು, ಹಿಂದೆ ನಿಂತ ಅವರು ಕಾಣಲಿಲ್ಲ.

ಆಕ್ಸಲ್‌ಗಳು ಚೆನ್ನಾಗಿ ಕುಳಿತಿದ್ದವು. ಆ ಜಲ್ಲಿಯ ಮೇಲೂ ಟ್ರೇಲರ್ ತೂಗಾಡದೆ ಬಂತು. ಹೈಮಾದಲ್ಲಿ ಚಪಾತಿ ಪೂರ್ತಿ ತಿಂದೆ. ಹಸಿವಾಗಿತ್ತು.

ಮರುದಿನ ಘಾಲಾದಲ್ಲಿ ಮ್ಯಾನೇಜರ್ ಟ್ರೇಲರಿಗೆ ಒಂದು ಸುತ್ತು ಬಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಒಳಗೆ ಇಣುಕಿ, ಮೀನಿನ ವಾಸನೆ, ತೊಳೆಸು ಎಂದರು. ಬೇರೆಯವರಿಗೆ ಹೇಳಲು ಮನಸ್ಸಾಗದೆ ನಾನೇ ಸಾಬೂನು ಹಾಕಿ ತೊಳೆದೆ. ಸಂಜೆ ಅಲ್ ಹೈಲ್ ಬಡಾವಣೆಯ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಕೇಳಿದಳು, "ನಮ್ಮೂರಿನವರು ಯಾರಾದರೂ ಸಿಕ್ಕಿದರಾ ಅಲ್ಲಿ?"

"ಯಾರೂ ಇಲ್ಲ" ಎಂದೆ.