ತಿರುವಿಗೆ ಮುಂಚಿನ ಮಾತು

ಕಾರಿನ ಎಡಬಾಗಿಲ ಮೇಲೆ, ಕೂತವರ ಕಿವಿಯ ಹತ್ತಿರ, ಒಂದು ಹಿಡಿ ಇರುತ್ತದಲ್ಲ, ಅದರ ಬಗ್ಗೆ ನೀವು ಎಂದಾದರೂ ಯೋಚಿಸಿದ್ದೀರಾ? ಸಾಧಾರಣ ಸಂಸಾರಗಳಲ್ಲಿ ಅದು ಇಸ್ತ್ರಿ ಮಾಡಿದ ಅಂಗಿ ನೇತುಹಾಕುವುದಕ್ಕೋ, ವಯಸ್ಸಾದ ಅತ್ತೆಯವರು ಇಳಿಯುವಾಗ ಆಸರೆಗೋ ಒದಗುವ ಪಾಪದ ವಸ್ತು. ನನ್ನ ಗೆಳೆಯ ಲೋಕೇಶನ ಹಳೆಯ ಕಾರಿನಲ್ಲಿ ಮಾತ್ರ ಅದರ ಮೇಲಿನ ತರಿತರಿಯೆಲ್ಲ ಸವೆದು, ಹಲಸಿನ ಬೀಜದಷ್ಟು ನುಣುಪಾಗಿತ್ತು. ಸವೆಸಿದ್ದು ನನ್ನ ಎಡಗೈ. ಭಯದಿಂದ ಎಂದು ನನ್ನ ಹೆಂಡತಿ ಸರೋಜಾ ಹೇಳುತ್ತಾಳೆ, ಅನುಭವದಿಂದ ಎಂದು ನಾನು ಹೇಳುತ್ತೇನೆ.

ನಮ್ಮ ಕಡೆ ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಒಂದು ಬಿಡುವಿನ ಕಾಲವಿದೆ. ಗಿಡಗಳು ಮೊಗ್ಗು ಕಟ್ಟಿಕೊಂಡು ಆಕಾಶ ನೋಡುತ್ತಿರುತ್ತವೆ, ಮಾಲೀಕರಿಗೆ ಮಾಡಲು ಏನೂ ಇಲ್ಲದೆ ಕೈ ತುರಿಸುತ್ತಿರುತ್ತದೆ. ಆಗ ಮೂಡಿಗೆರೆಯಿಂದ ಕಳಸದ ಕಡೆಗಿನ ಕೆಲವು ಎಸ್ಟೇಟಿನವರು ಸೇರಿ, ಜೀಪು ಬಿಟ್ಟರೆ ಬೇರೇನೂ ಓಡಾಡದ ತಮ್ಮ ಒಳರಸ್ತೆಗಳ ಗೇಟು ತೆರೆದು, ಆ ಮಣ್ಣುದಾರಿಗಳಲ್ಲಿ ರ‍್ಯಾಲಿ ನಡೆಸುತ್ತಾರೆ. ಕಾರು ಓಡಿಸುವವನು ಒಬ್ಬ. ಪಕ್ಕದಲ್ಲಿ ಕೂತು ಮುಂದಿನ ತಿರುವು ಎಂಥದು ಎಂದು ಕೂಗಿ ಹೇಳುವ ನ್ಯಾವಿಗೇಟರ್ ಇನ್ನೊಬ್ಬ. ಬಾಳೂರಿನ ಬಳಿ ದೊಡ್ಡ ತೋಟವಿರುವ ಲೋಕೇಶ ಮೊದಲನೆಯವನು. ಅವನ ಬೇಲಿಗೆ ಹೊಂದಿಕೊಂಡು ಒಂದು ಸಣ್ಣ ತೋಟವಿರುವ ನಾನು ಎರಡನೆಯವನು.

ಬೇರೆ ನ್ಯಾವಿಗೇಟರುಗಳು ತಿರುವುಗಳಿಗೆಲ್ಲ ನಂಬರು ಕೊಟ್ಟು, ಕಾಗದದಲ್ಲಿ ಬರೆದುಕೊಂಡು, ಓದಿ ಹೇಳುತ್ತಾರೆ. ಕುಲುಕುವ ಕಾರಿನಲ್ಲಿ ತಲೆ ತಗ್ಗಿಸಿ ಅಕ್ಷರ ನೋಡಿದರೆ ನನಗೆ ಬೆಳಿಗ್ಗೆ ತಿಂದ ಕಡುಬು ಹೊರಗೆ ಬರುತ್ತದೆ. ಹಾಗಾಗಿ ನಾನು ದಾರಿಯನ್ನೇ ಬಾಯಿಪಾಠ ಮಾಡಿದೆ. ಒಂದು ತಿರುವು ದಾಟಿದ ಕೂಡಲೇ ಮುಂದಿನದರ ಹೆಸರು ಕೂಗುವುದು ನನ್ನ ಪದ್ಧತಿ: ಹಲಸಿನ ಎಡ, ಕಣದ ಬಲ, ಮೋರಿ ಬಲ, ಆಳುಗಳ ಲೈನ್‌ಮನೆ ಎಡ, ನಾಯಿ ಇರ್ತದೆ. ಹೊರಗಿನವರಿಗೆ ಇದು ಹುಚ್ಚರ ಹರಟೆ ಅನ್ನಿಸಿರಬಹುದು, ಆದರೆ ನನ್ನ ಒಂದೊಂದು ಪದಕ್ಕೂ ಲೋಕೇಶನ ಕಾಲು ತಾನಾಗಿ ಆಡುತ್ತಿತ್ತು. ನಾವಿಬ್ಬರೂ ಸೇರಿ ಒಬ್ಬ ಒಳ್ಳೆಯ ಚಾಲಕ ಆಗುತ್ತಿದ್ದೆವು ಎಂದು ನನ್ನ ನಂಬಿಕೆ, ಹಾಗೂ ಆ ನಂಬಿಕೆಯಲ್ಲಿ ನನ್ನ ವರ್ಷದ ಸಂತೋಷದ ಬಹುಪಾಲು ಇತ್ತು.

ಹೀಗಿರುವಾಗ, ತೊಂಬತ್ತರ ದಶಕದಿಂದ ನಮ್ಮನ್ನು ಹೊತ್ತು ತಿರುಗಿದ ಆ ಕಾರಿನ ತಯಾರಿಕೆಯನ್ನು ಕಂಪನಿ ನಿಲ್ಲಿಸಿತು. ಅದರ ಜಾಗಕ್ಕೆ ಟರ್ಬೊ ಇರುವ ಹೊಸದೊಂದು ಹ್ಯಾಚ್‌ಬ್ಯಾಕ್ ಬರುತ್ತದೆ ಎಂಬ ಸುದ್ದಿ, ಕಾರಿಗಿಂತ ಎಷ್ಟೋ ತಿಂಗಳು ಮೊದಲೇ, ಮೂಡಿಗೆರೆಯ ಮಲ್ಲಣ್ಣನವರ ಟೈರ್ ಅಂಗಡಿಗೆ ಬಂದು ತಲುಪಿತು. ಮಲ್ಲಣ್ಣನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು, ಹಳೆಯ ಟೈರೊಂದರ ಮೇಲೆ ದಿಂಬು ಹಾಕಿ ಕೂರುವ ಹಿರಿಯರು. ಕಾರಿನ ಹುಚ್ಚಿರುವ ನಾವೆಲ್ಲ ಸಂತೆಯ ದಿನ ಅವರ ಅಂಗಡಿಯಲ್ಲಿ ಸೇರುತ್ತೇವೆ, ತರಕಾರಿ ಚೀಲಗಳು ಬಾಗಿಲಲ್ಲಿ ಬಾಡುತ್ತ ಕೂರುತ್ತವೆ.

ಅಯ್ಯೋ, ಆ ಅಭಿಪ್ರಾಯಗಳೇ! ಕಾರನ್ನು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಇಂಟರ್ನೆಟ್ ಅಂಗಡಿಯಲ್ಲಿ ಫೋಟೊ ನೋಡಿದವರು ಇಬ್ಬರಿದ್ದರು. ವಸ್ತಾರೆಯ ಪೂರ್ಣೇಶ ಆ ಇಬ್ಬರಲ್ಲಿ ಒಬ್ಬನಾದ್ದರಿಂದ ತಜ್ಞನಾಗಿಬಿಟ್ಟ.

"ಎಂಜಿನ್ ಸಣ್ಣದು ಮಾಡಿ ಟರ್ಬೊ ಸಿಕ್ಕಿಸ್ಯಾರೆ ಮಾರಾಯ. ಎಂಥ ಕಾರು ಅದು? ಹಳೇದ್ರ ಗತ್ತೆಲ್ಲಿ, ಇದೆಲ್ಲಿ?" ಎಂದ ಪೂರ್ಣೇಶ.

"ತೂಕ ಜಾಸ್ತಿ ಅಂತೆ. ಸದ್ದೂ ಇಲ್ವಂತೆ. ಸದ್ದಿಲ್ದೆ ಇರಾ ಗಾಡಿನ ಏನಂತ ನಂಬಾದು?" ಎಂದರು ಮಲ್ಲಣ್ಣ.

ಸ್ಟೀರಿಂಗ್ ಹಗುರ, ಡ್ಯಾಶ್‌ಬೋರ್ಡ್ ದುಬಾರಿಯ ಹಾಗೆ ಕಾಣುವ ಅಗ್ಗದ ಪ್ಲಾಸ್ಟಿಕ್, ಟೈರು ಅಗಲ, ನೆಲಕ್ಕೆ ಹೊಟ್ಟೆ ತಾಗುತ್ತದೆ, ಹಿಂದಿನಿಂದ ನೋಡಿದರೆ ಮುನಿಸಿಕೊಂಡವರ ಮುಖ. ಹೀಗೆ ಹುಟ್ಟುವ ಮೊದಲೇ ಆ ಕೂಸಿನ ಜಾತಕ ಬರೆದು ಮುಗಿಸಿದೆವು. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಒಂದು ವಿಷಯ ಗಮನಿಸಿದ್ದೇನೆ: ಮನುಷ್ಯ ಹೊಸದನ್ನು ಬೈಯುವಾಗ ಅವನ ಕಣ್ಣೆದುರು ಹೊಸದು ಇರುವುದೇ ಇಲ್ಲ, ಹಳೆಯದರ ಜೊತೆ ತಾನು ಕಳೆದ ದಿನಗಳು ಇರುತ್ತವೆ. ಹಳೆಯ ಕಾರಿನ ಸೊಂಟನೋವು, ಮಳೆಗಾಲದಲ್ಲಿ ಒದ್ದರೂ ಏಳದ ಅದರ ಹಟ, ಎಲ್ಲ ಮರೆತುಹೋಗಿ ನಮ್ಮ ಪ್ರಾಯ ಮಾತ್ರ ನೆನಪಿನಲ್ಲಿ ಉಳಿದಿತ್ತು.

ಲೋಕೇಶ ಯಾರಿಗೂ ಹೇಳದೆ ಹೋಗಿ ಆ ಹೊಸ ಕಾರನ್ನೇ ತಂದುಬಿಟ್ಟ. ಅಂಗಡಿಯ ಮುಂದೆ ನಿಲ್ಲಿಸಿದಾಗ ಎಲ್ಲರೂ ಸುತ್ತ ತಿರುಗಿ, ಬಾನೆಟ್ಟು ತಟ್ಟಿ, ಟೈರು ಒದ್ದು, ಒಬ್ಬೊಬ್ಬರಾಗಿ ಕಳಸದ ರಸ್ತೆಯಲ್ಲಿ ಒಂದೊಂದು ಸುತ್ತು ಹೋಗಿ ಬಂದರು. ತೀರ್ಪು ಒಂದೇ: ದಮ್ಮಿಲ್ಲ. ಏರಿನ ತಿರುವಿನಲ್ಲಿ ಗೇರು ಇಳಿಸಿ, ಹಾರ್ನು ಹೊಡೆದು, ತಿರುವು ಪೂರ್ತಿ ಬಿಚ್ಚಿಕೊಂಡ ಮೇಲೆ ಆಕ್ಸಿಲರೇಟರ್ ಒತ್ತುವುದು ಘಟ್ಟದವರಾದ ನಮ್ಮ ರಕ್ತದಲ್ಲಿದೆ. ಹಳೆಯ ಕಾರು ಒತ್ತಿದ ಕ್ಷಣವೇ ಎಳೆಯುತ್ತಿತ್ತು. ಇದು ಒತ್ತಿದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಓಡುತ್ತಿತ್ತು.

ಆ ವರ್ಷದ ರ‍್ಯಾಲಿಯ ಒಂದು ಭಾಗ ಲೋಕೇಶನ ತೋಟದೊಳಗೇ ಹಾಯುವುದಿತ್ತು. ಅಭ್ಯಾಸಕ್ಕೆಂದು ನಾವಿಬ್ಬರೂ ಹೊಸ ಕಾರಿನಲ್ಲಿ ಹೊರಟೆವು. ಹಲಸಿನ ಎಡ ದಾಟಿದ ಕೂಡಲೇ, ಎಂದಿನಂತೆ, "ಕಣದ ಬಲ" ಎಂದೆ. ಲೋಕೇಶ ಎಂದಿನಂತೆ ಒತ್ತಿದ. ಕಾರು ಏಳಲಿಲ್ಲ. ಸಿಟ್ಟಿನಿಂದ ಇನ್ನೂ ಒತ್ತಿದ. ಟರ್ಬೊ ಎದ್ದದ್ದು ಸರಿಯಾಗಿ ಕಣದ ತಿರುವಿನ ಬಾಯಲ್ಲಿ, ಎಲ್ಲಿ ಅದು ಮಲಗಿರಬೇಕಿತ್ತೋ ಅಲ್ಲಿ. ನಾವು ನೇರವಾಗಿ ರೊಬಸ್ಟಾ ಕಾಫಿ ಗಿಡಗಳೊಳಗೆ ಹೋಗಿ ನಿಂತೆವು. ಪೆಟ್ಟಾಗಲಿಲ್ಲ, ಗಾಜಿನ ಮೇಲೆಲ್ಲ ಎಲೆ, ಲೋಕೇಶನ ಮಡಿಲಲ್ಲಿ ಒಂದು ಕೆಂಜಿಗದ ಗೂಡಿನ ಅರ್ಧ.

ಮುಂದಿನ ಸಂತೆಯಲ್ಲಿ ಅಭಿಪ್ರಾಯ ಎರಡು ಪಾಲಾಯಿತು. ಅರ್ಧ ಜನ ಕಾರನ್ನು ಬೈದರು. ಉಳಿದವರು, ನಾನು ಎದುರಿಗೇ ಕೂತಿದ್ದರೂ, ನನ್ನನ್ನು ಬೈದರು.

"ಬ್ಯಾಸರ ಮಾಡ್ಕಬ್ಯಾಡ," ಎಂದ ಪೂರ್ಣೇಶ ನನ್ನ ಭುಜ ತಟ್ಟಿ. "ಹಲಸು, ಮೋರಿ, ನಾಯಿ ಅಂತ ಕೂಗ್ತಾ ಕೂರಾ ಕಾಲ ಹೋತು. ಇಂಥ ಗಾಡಿಗೆ ನಂಬರ್ ಓದೋರು ಬೇಕು. ಚಿಕ್ಕಮಗಳೂರಲ್ಲಿ ಒಬ್ರು ಅದಾರೆ, ಮಾತಾಡಿ ನೋಡಾದಪ್ಪ ಲೋಕೇಶ."

ನಾನು ಲೋಕೇಶನ ಮುಖ ನೋಡಿದೆ. ಅವನು ಟೈರುಗಳನ್ನು ನೋಡುತ್ತ, "ಕೇಳಿದೀನಿ. ಅವ್ರು ಫೋನ್ ಮಾಡು ಅಂದಾರೆ. ನೋಡಾನ," ಎಂದ.

ಆ "ಕೇಳಿದೀನಿ" ಎಂಬುದು ಎದೆಗೆ ನಾಟಿತು. ನನ್ನನ್ನು ಬಿಡುತ್ತಾನೆ ಎಂಬುದಕ್ಕಿಂತ, ಬಿಡುವ ಯೋಚನೆಯನ್ನು ನನಗೆ ಹೇಳದೆ ಮಾಡಿದ ಎಂಬುದು ಹೆಚ್ಚು ನೋಯಿಸಿತು. ನಿಜ ಹೇಳಬೇಕೆಂದರೆ ಭಯವೂ ಆಯಿತು. ಕಾಫಿ ಬೆಲೆ ಬಿದ್ದ ವರ್ಷಗಳನ್ನು, ಕಾಂಡಕೊರಕ ತಿಂದ ಅರೇಬಿಕಾ ಸಾಲುಗಳನ್ನು ಕಿತ್ತು ಸುಟ್ಟ ವರ್ಷಗಳನ್ನು ನಾನು ದಾಟಿದ್ದು, ಮಾಗಿಯ ಕೊನೆಗೆ ಆ ಎಡಗಡೆಯ ಸೀಟಿನಲ್ಲಿ ಕೂರುತ್ತೇನೆ ಎಂಬ ಧೈರ್ಯದಿಂದ. ಆ ಸೀಟು ಹೋದರೆ ನಾನು ಇನ್ನೊಬ್ಬರ ಕಾರಿನ ಧೂಳು ನೋಡಿಕೊಂಡು ಬೇಲಿ ಪಕ್ಕ ನಿಲ್ಲುವವನಾಗುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಸಿ ಕಾಫಿ ಕಟ್ಟಿಗೆಗೆ ಊದುಗೊಳವೆಯಿಂದ ಊದುತ್ತಿದ್ದೆ. ಹೊತ್ತಲಿಲ್ಲ. ಸಿಟ್ಟು ಬಂದು ಜೋರಾಗಿ ಊದಿದೆ, ಉಸಿರು ಕಟ್ಟಿ ಕೊಳವೆ ಕೆಳಗಿಟ್ಟೆ. ಇಟ್ಟ ಮೇಲೆ ಭಗ್ಗೆಂದು ಉರಿ ಎದ್ದು ಹುಬ್ಬು ಸುಟ್ಟಿತು. ಹಿಂದೆ ಟವೆಲ್ ಹಿಡಿದು ನಿಂತಿದ್ದ ಸರೋಜಾ ನಕ್ಕಳು.

"ಊದಿದ ತಕ್ಷಣ ಹತ್ತಬೇಕು ಅಂದ್ರೆ ಹೆಂಗೆ? ಸ್ವಲ್ಪ ಮೊದ್ಲೇ ಊದಿ, ಸುಮ್ನೆ ಕೂರ್ಬೇಕು. ಅದರ ಪಾಡಿಗೆ ಅದು ಹತ್ಕತ್ತದೆ."

ಟರ್ಬೊ ಎನ್ನುವುದೂ ಊದುಗೊಳವೆಯೇ ಅಲ್ಲವೇ? ಎಂಜಿನ್ನಿನಿಂದ ಹೊರಹೋಗುವ ಹೊಗೆ ಒಂದು ಸಣ್ಣ ಚಕ್ರ ತಿರುಗಿಸುತ್ತದೆ, ಆ ಚಕ್ರ ಒಳಕ್ಕೆ ಗಾಳಿ ಊದುತ್ತದೆ, ಆಮೇಲೆ ಉರಿ ಏಳುತ್ತದೆ. ಹೊಸ ಕಾರಿಗೆ ದಮ್ಮಿಲ್ಲ ಎಂದಲ್ಲ. ನಾವು ಕೇಳುವುದು ತಡವಾಗುತ್ತಿತ್ತು. ತಿರುವಿನ ಹೊಟ್ಟೆಯಲ್ಲಿರುವಾಗಲೇ ಲೋಕೇಶ ಒತ್ತಬೇಕು. ಅಲ್ಲಿ ಒತ್ತುವ ಧೈರ್ಯ ಬರಬೇಕಾದರೆ ಆಚೆ ಏನಿದೆ ಎಂದು ಆ ಹೊತ್ತಿಗೇ ಅವನಿಗೆ ಗೊತ್ತಿರಬೇಕು. ಎಂದರೆ ನನ್ನ ಮಾತು ಒಂದು ತಿರುವಿನಷ್ಟು ಮುಂಚೆ ಹೊರಡಬೇಕು. ಹುಬ್ಬು ಉರಿಯುತ್ತಿತ್ತು, ಆದರೂ ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಆ ಮಧ್ಯಾಹ್ನ ಲೋಕೇಶನ ತೋಟದ ದಾರಿಯನ್ನು ನಡೆದೇ ಹತ್ತಿದೆ. ತಿರುವು ಬರುವುದಕ್ಕೆ ಮೊದಲೇ ಮಾತಾಡಲು ಗುರುತಾಗುವಂಥದ್ದು ಏನಿದೆ ಎಂದು ಹುಡುಕುತ್ತ ಹೊರಟವನಿಗೆ, ಕಾರಿನ ಕಿಟಕಿಯಿಂದ ಬರೀ ಹಸಿರಾಗಿ ಹರಿದುಹೋಗುತ್ತಿದ್ದ ಆ ಬದಿಗಳು ಒಂದೊಂದಾಗಿ ಬಂದು ಪರಿಚಯ ಮಾಡಿಕೊಂಡವು. ಮೆಣಸಿನ ಬಳ್ಳಿ ಸತ್ತು ಬೋಳಾದ ಸಿಲ್ವರ್ ಓಕ್, ಹಾವಸೆ ಕಟ್ಟಿದ ನೀರಿನ ತೊಟ್ಟಿ, ಯಾರೋ ಕೆಂಪು ಬಣ್ಣ ಹಚ್ಚಿದ ಬಂಡೆ. ಅಷ್ಟು ವರ್ಷ ತಿರುವುಗಳನ್ನು ಮಾತ್ರ ಬಲ್ಲವನಾಗಿದ್ದ ನಾನು, ಅವುಗಳ ನಡುವಿನ ದಾರಿಯನ್ನು ಆವತ್ತು ಕಂಡೆ. ಕಾಫಿಯವನ ಬದುಕೂ ಹೀಗೇ ಅಲ್ಲವೇ, ಗೆಳೆಯರೇ? ಗೊಬ್ಬರ ಹಾಕುವುದು ಮುಂದಿನ ಫಸಲಿಗೆ, ನೆರಳಿನ ಮರಗಳ ಕೊಂಬೆ ಕತ್ತರಿಸುವುದು ಇನ್ನೂ ಬಾರದ ಮಳೆಗೆ, ಗಿಡ ನೆಡುವುದು ನಾಲ್ಕಾರು ವರ್ಷದಾಚೆಯ ಕೊಯ್ಲಿಗೆ. ತೋಟದಲ್ಲಿ ಇಷ್ಟು ಮುಂಚೆ ಹೊರಡುವ ನಾವು, ಮಲ್ಲಣ್ಣನವರ ಅಂಗಡಿಯಲ್ಲಿ ಕೂತ ಕೂಡಲೇ ದಾಟಿಹೋದ ತಿರುವಿನ ಬಗ್ಗೆಯೇ ಯಾಕೆ ಮಾತಾಡುತ್ತೇವೆ ಎಂದು ನನಗೆ ಸೋಜಿಗವಾಯಿತು.

ಲೋಕೇಶನ ಮನೆಗೆ ಹೋಗಿ, "ಆ ಚಿಕ್ಕಮಗಳೂರಿನೋರಿಗೆ ಫೋನ್ ಮಾಡಾ ಮೊದ್ಲು ನನ್ ಜೊತೆ ಒಂದ್ಸಲ ಹತ್ತು," ಎಂದೆ. ಅವನು ನನ್ನ ಸುಟ್ಟ ಹುಬ್ಬನ್ನು ನೋಡಿ ಬೀಗದ ಕೈ ತೆಗೆದುಕೊಂಡ.

ಹಲಸಿನ ಎಡಕ್ಕೆ ಇನ್ನೂ ಚಕ್ರ ಹೊರಳಿರಲಿಲ್ಲ, ಬೋಳು ಸಿಲ್ವರ್ ಓಕ್ ಕಂಡಿತು. "ಕಣದ ಬಲ, ಅದ್ಕೆ ಮೊದ್ಲು ನೇರ ದಾರಿ ಉದ್ದ ಐತೆ, ಒತ್ತು!" ಎಂದು ಕೂಗಿದೆ.

"ಈ ತಿರುವೇ ಮುಗ್ದಿಲ್ವಲ್ಲ ಮಾರಾಯ!"

"ಆಚೆ ಖಾಲಿ ಐತೆ ಕಣೋ! ನಾನ್ ನೋಡ್ಕಂಡ್ ಬಂದಿದೀನಿ. ಒತ್ತೋ!"

ಅವನು ಒತ್ತಲಿಲ್ಲ. ಕಾರು ತೇಕುತ್ತ ಹೋಯಿತು. ತಿರುಗಿಸಿಕೊಂಡು ಕೆಳಗೆ ಬಂದೆವು. ಎರಡನೆಯ ಸಲ ಅದೇ ಮರ, ಅದೇ ಕೂಗು. ಅವನ ದವಡೆ ಬಿಗಿಯಾಯಿತು. ಎದುರಿಗೆ ಹಲಸಿನ ಬುಡವೊಂದೇ ಕಾಣುತ್ತಿದ್ದ ಆ ಜಾಗದಲ್ಲಿ, ನನ್ನ ಮಾತೊಂದನ್ನೇ ನಂಬಿ, ಒತ್ತಿದ. ತಿರುವು ಬಿಚ್ಚಿಕೊಳ್ಳುವುದಕ್ಕೂ ಟರ್ಬೊ ಏಳುವುದಕ್ಕೂ ಸರಿಹೋಯಿತು. ಬೆನ್ನು ಸೀಟಿಗೆ ಅಂಟಿತು. ಹಳೆಯ ಕಾರು ಅದರ ಭರ್ತಿ ಪ್ರಾಯದಲ್ಲೂ ಆ ಏರನ್ನು ಹಾಗೆ ಹತ್ತಿರಲಿಲ್ಲ. ಕಣ ಕಾಣುವ ಮೊದಲೇ ನಾನು ಮೋರಿ ಎಂದೆ, ಮೋರಿಗೆ ಮೊದಲೇ ಲೈನ್‌ಮನೆ ಎಂದೆ, ನಾಯಿ ಕೂಡ ಏಳುವುದಕ್ಕೆ ತಡಮಾಡಿ ಸೋತಿತು. ಲೋಕೇಶ ನಗತೊಡಗಿದ. ಹಲ್ಲೆಲ್ಲ ಕಾಣುವ ಆ ನಗೆಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಅವನು ಕಾರು ನಿಲ್ಲಿಸಿದ. ಇಡೀ ತೋಟದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ. ಫೋನ್ ಹೊರಗೆ ತೆಗೆದು, ನಂಬರು ಹುಡುಕಿ, ಕಿವಿಗಿಟ್ಟುಕೊಂಡಾಗ ನಾನು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡೆ.

"ಸಾರ್, ಬಾಳೂರಿಂದ ಲೋಕೇಶ. ಹೂಂ ಸಾರ್, ರ‍್ಯಾಲಿ ವಿಷ್ಯ." ಅವನು ಕೆಳಗಿನ ದಾರಿಯನ್ನು ನೋಡುತ್ತಿದ್ದ. "ಇಲ್ಲ ಸಾರ್, ಬರೋದು ಬ್ಯಾಡ. ತಪ್ಪು ತಿಳ್ಕಬ್ಯಾಡಿ. ನನ್ ಪಕ್ಕದ ಸೀಟಲ್ಲಿ ಜನ ಇದಾರೆ."

ಫೋನ್ ಇಟ್ಟು ಅವನು ನನ್ನ ಕಡೆ ತಿರುಗಿದ. "ನಿನ್ಗೆ ಮೊದ್ಲೇ ಹೇಳ್ಬೇಕಿತ್ತು," ಎಂದ. ಆಮೇಲೆ ಕಾರು ಸ್ಟಾರ್ಟ್ ಮಾಡಿ, ಇಳಿಜಾರಿಗೆ ಮೂತಿ ತಿರುಗಿಸಿ, ಗೇರಿಗೆ ಕೈ ಹಾಕುತ್ತ, "ಇಳಿಯೋವಾಗ ಮೊದ್ಲು ಯಾವ್ದು..." ಎಂದು ಕೇಳತೊಡಗಿದ.

ನಾನು ಅಷ್ಟರಲ್ಲಿ ಹೇಳಿಯಾಗಿತ್ತು.