ಹೊರಗೆ ಬಾರದ ಕೂದಲುಂಡೆ

ಬೈರಿದೇವರಕೊಪ್ಪದ ಆ ಓಣಿಯಲ್ಲಿ ಚನ್ನಬಸವ್ವನ ಬಾಯಿಗೆ ಹೆದರದವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕಿದವಳು. ಅವಳಿಗೆ ಎದುರಾಡುತ್ತಿದ್ದವರು ಪಕ್ಕದ ಮನೆಯ ಮಂದಾಕಿನಿ ಒಬ್ಬರೇ. ಧಾರವಾಡದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಂಡ ತಪ್ಪನ್ನು ತಿದ್ದದೆ ಬಿಡುವ ಜೀವವಲ್ಲ. ರೊಟ್ಟಿ ಒಲೆಯ ಹೊಗೆಯ ಬಗ್ಗೆ ಅವರು ದೂರು ಕೊಟ್ಟಂದಿನಿಂದ ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ.

ಬೆಕ್ಕು ಮೊದಲು ಮಂದಾಕಿನಿಯವರದೇ. ಉದ್ದ ಕೂದಲಿನ ಬಿಳಿ ಬೆಕ್ಕು. ಮಗಳು ಋತುಜಾ ತಂದು ಸಾಕಿದ್ದು. ಮೈ ನೆಕ್ಕಿ ನೆಕ್ಕಿ ನುಂಗಿದ ಕೂದಲನ್ನು ಅದು ಸೋಫಾದ ಮೇಲೆ ಉಂಡೆಯಾಗಿ ಕಕ್ಕುತ್ತಿತ್ತು. ಮಗಳು ಮದುವೆಯಾಗಿ ಹೋದದ್ದೇ ತಡ, ಮಂದಾಕಿನಿ ಬೆಕ್ಕನ್ನು ಹೊರಗೆ ಹಾಕಿದರು. ಗೋಡೆ ಹಾರಿ ಬಂದ ಅದಕ್ಕೆ ಚನ್ನಬಸವ್ವ ಹಾಲಿಟ್ಟದ್ದು ಕರುಣೆಯಿಂದಲ್ಲ, ಹಟದಿಂದ.

"ನಾ ಸಾಕತೇನಿ, ನೋಡಿ ಉರಕೊಳ್ಳಲಿ!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಬೆಳ್ಳಿ ಎಂದು ಹೆಸರಿಟ್ಟಳು. ಹಟದಿಂದ ಸಾಕಿದ್ದು ಬರಬರುತ್ತಾ ಅವಳ ಮಗ್ಗುಲಲ್ಲೇ ಮಲಗತೊಡಗಿತು.

ಈ ಬೇಸಿಗೆಯಲ್ಲಿ ಒಂದು ದಿನ ಬೆಳ್ಳಿ ಅಂಗಳದಲ್ಲಿ ಕತ್ತು ಚಾಚಿ ಓಕರಿಸತೊಡಗಿತು. ಚನ್ನಬಸವ್ವ ಒರೆಸಲು ಅರಿವೆ ಹಿಡಿದು ಕಾದಳು. ಏನೂ ಬೀಳಲಿಲ್ಲ. ಗೋಡೆಯಾಚೆಯಿಂದ ಮಂದಾಕಿನಿ ಇಣುಕಿದರು.

"ಉಂಡಿ ಹೊರಗ ಬಿತ್ತೇನು?"

"ಬಿದ್ರ ನಿಮಗ ಕಟ್ಟಿ ಕಳಸ್ಲೇನ್ರಿ?"

"ಚ್ಯಾಷ್ಟಿ ಬ್ಯಾಡ. ಆಗೊಮ್ಮೆ ಈಗೊಮ್ಮೆ ಕಕ್ಕಿದ್ರ ಚಿಂತಿ ಇಲ್ಲ, ಎಲ್ಲಾ ಬೆಕ್ಕೂ ಕಕ್ಕತಾವ. ಬರೇ ಓಕರಿಸಿ ಏನೂ ಬರಲಿಲ್ಲ, ಉಣ್ಣಲಿಲ್ಲ, ಹೊರಕಡಿ ಆಗಲಿಲ್ಲ ಅಂದ್ರ ಒಳಗ ಸಿಕ್ಕೊಂಡದ ಅಂತ. ಲಗೂ ಡಾಕ್ಟರ್ ಕಡೆ ಒಯ್ಯಿರಿ."

"ಹೊರಗ ದಬ್ಬಿದವ್ರು ನನಗ ಬುದ್ಧಿ ಹೇಳಾಕ ಬರಬ್ಯಾಡ್ರಿ!"

ಮರುದಿನ ಬೆಳ್ಳಿ ಹಾಲನ್ನು ಮೂಸಲೂ ಇಲ್ಲ. ಜೋಳದ ಚೀಲದ ಹಿಂದೆ ಮುದುರಿ ಕುಳಿತಿತ್ತು. ಹೊಟ್ಟೆ ಮುಟ್ಟಿದರೆ ಗಟ್ಟಿ. ಗುರ್ ಎಂದು ಅವಳ ಕೈಯನ್ನೇ ಪರಚಿತು. ಆದರೂ ಡಾಕ್ಟರ್ ಕಡೆ ಹೊರಡಲು ಚನ್ನಬಸವ್ವನ ಮನಸ್ಸು ಒಪ್ಪಲಿಲ್ಲ. ಹೋದರೆ ಆ ಮಂದಾಕಿನಿಯ ಮಾತು ಗೆದ್ದಂತಲ್ಲವೇ? ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡಳು. ರೊಟ್ಟಿ ಹರಿಯಿತು, ಇನ್ನೊಂದು ಹಂಚಿನ ಮೇಲೇ ಕರಕಾಯಿತು. ಕಡೆಗೆ ಒಲೆ ಆರಿಸಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿ, ಆಟೋ ಹತ್ತಿದಳು.

ದನದ ಡಾಕ್ಟರ್ ಅಯಾಜ ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿದರು.

"ಕೂದಲ ಕರಳಿನ್ಯಾಗ ಸಿಕ್ಕೊಂಡೈತ್ರಿ. ಕೊಯ್ದು ತೆಗೀಬೇಕು. ಇನ್ನೂ ತಡಾ ಮಾಡಿದ್ರ ಕರಳು ಕೊಳೀತಿತ್ತು. ಇದು ಬರೇ ಕೂದಲುಂಡಿ ಕಕ್ಕೂದಲ್ಲಂತ ನಿಮಗ ಹೆಂಗ ತಿಳೀತು?"

"ನನಗ ತಿಳೀತ್ರಿ," ಎಂದಳು ಚನ್ನಬಸವ್ವ. ಮಂದಾಕಿನಿಯ ಹೆಸರು ಎತ್ತಲಿಲ್ಲ.

ಒಳಗಿನಿಂದ ತೆಗೆದದ್ದು ತೋಯ್ದ ಹಗ್ಗದ ತುಂಡಿನಂತಿತ್ತು. ಬೆಳ್ಳಿ ಬದುಕಿತು. ದಿನಾ ಬಾಚಬೇಕು, ಸಡಿಲ ಕೂದಲು ನೆಕ್ಕಲು ಬಿಡಬಾರದು ಎಂದು ಹೇಳಿ ಡಾಕ್ಟರ್ ಕಳಿಸಿದರು.

ಬೆಳ್ಳಿಯನ್ನು ಮನೆಗೆ ತಂದಾಗ ಮಂದಾಕಿನಿ ಗೇಟಿನಲ್ಲೇ ನಿಂತಿದ್ದರು.

"ಹೆಂಗದ?"

"ಉಳದೈತ್ರಿ." ಇನ್ನೊಂದು ಮೆತ್ತನೆಯ ಮಾತು ಚನ್ನಬಸವ್ವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಂದಾಕಿನಿ, "ನಾ ಅವತ್ತೇ ಹೇಳಿದ್ದೆ," ಎಂದುಬಿಟ್ಟರು.

"ಹೇಳೂದು ಬರತೈತಿ ನಿಮಗ. ನಿಮ್ಮ ಮನ್ಯಾಗಿದ್ದಾಗ ಬಾಚೂದು ಬರಲಿಲ್ಲ!"

ಮಂದಾಕಿನಿಯವರ ಮುಖ ಕೆಂಪಾಯಿತು. ಗೇಟು ಧಡ್ ಎಂದು ಮುಚ್ಚಿಕೊಂಡಿತು.

ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಬೆಕ್ಕಿನ ಬಾಚಣಿಗೆ ಇತ್ತು, ಋತುಜಾಳದೇ ಇರಬೇಕು. ಚನ್ನಬಸವ್ವ ಅದನ್ನು ಆಚೆಗೆ ಬೀಸಿ ಒಗೆಯಲು ಕೈ ಎತ್ತಿದಳು, ಒಗೆಯಲಿಲ್ಲ. ದಿನಾ ಬಾಚುತ್ತಾಳೆ, ಮಂದಾಕಿನಿಗೆ ಕಾಣಬಾರದೆಂದು ಹಿತ್ತಲ ಬಾಗಿಲು ಹಾಕಿಕೊಂಡು.