ಕಡಕ ರೊಟ್ಟಿಯ ಸೀಟು

ಅಕ್ಕಲಕೋಟ–ಸೊಲ್ಲಾಪುರ ರೋಡಿನ್ಯಾಗ ಸೀಟು ತುಂಬಿಸ್ಕೊಂಡು ಜೀಪು ಹೊಡಿಯೋ ನಮ್ಮ ಮಂದ್ಯಾಗ ಗುರುಸಿದ್ಧನಂಥ ಹಟಮಾರಿ ಇನ್ನೊಬ್ಬ ಇಲ್ಲ. ರೋಡಿನ ಬಾಜೂಕ ತಾಸಿಗೆ ಅರವತ್ತಂತ ಬೋರ್ಡು ಹಾಕ್ಯಾರ. ನಾವೆಲ್ಲಾ ಅದನ್ನ ಓದೋದರಾಗ ದಾಟಿ ಹೋಗಿರ್ತೀವಿ. ಇಂವಾ ಐವತ್ತರ ಮ್ಯಾಲ ಏರಾಂವಲ್ಲ. ಮಂದಿಗೆ ಗಡಬಡಿ ಇರ್ತದಲ್ರಿ, ಇವನ ಜೀಪು ಕಂಡ್ರ ಮಾರಿ ತಿರುವಿ ನನ್ನ ಜೀಪು ಹತ್ತತಿದ್ರು. "ಏ ಎತ್ತಿನ ಗಾಡಿ!" ಅಂತ ಕಾಡ್ಸಿದ್ರ ನಗತಿದ್ದ. ಹೆಂಡ್ತಿ ತೀರಿದ ಮ್ಯಾಲ ಮನ್ಯಾಗ ಅವಗ ಮಾತಾಡಾಕ ಯಾರೂ ಇಲ್ಲ.

ಇವನ ಖಾಯಂ ಗಿರಾಕಿ ಒಬ್ಬಾಕೀನ, ಸಾವಿತ್ರಿಬಾಯಿ. ಜ್ವಾಳದ ಕಡಕ ರೊಟ್ಟಿ ಬಡದು, ಬುಟ್ಟಿ ತುಂಬಿ, ಸೊಲ್ಲಾಪುರದ ನವಿ ಪೇಠದ ಅಂಗಡಿಗೆ ಹಾಕಾಕಿ. ಕಡಕ ರೊಟ್ಟಿ ಅಂದ್ರ ಹಪ್ಪಳದ ತಂಗಿ. ಗಾಡಿ ಜೋರ ಹಾರಿದ್ರ ಪೂರಾ ಚೂರು. ಒಮ್ಮೆ ನನ್ನ ಜೀಪಿನಿಂದ ಇಳದು ಬುಟ್ಟಿ ನೋಡಿ ಆಕಿ ಬೈದ ಬೈಗಳ ಇನ್ನೂ ಕಿವ್ಯಾಗ ಅದಾವ. ಮರುದಿನದಿಂದ ಗುರುಸಿದ್ಧನ ಬಾಜೂಕಿನ ಸೀಟು ಆಕೀದು. ತೊಡಿ ಮ್ಯಾಲ ಬುಟ್ಟಿ, ದಾರಿ ತುಂಬ ಮಾತು: ಮೊಣಕಾಲ ನೋವು, ಶೇಂಗಾ ಚಟ್ನಿ, ಪುಣಾದಾಗಿರೋ ಮಗಳು ಮಯೂರಿ. ಆ ಮಾತಿನ ಮ್ಯಾಲ ಇಂವಾ ದಿನಾ ದೂಡ್ತಿದ್ದ, ಖರೇ ಹೇಳ್ತೀನಿ.

ಹೋದ ತಿಂಗಳ ಮಯೂರಿ ಅವ್ವನ್ನ ಖಾಯಂ ಪುಣಾಕ್ಕ ಕರಸಿಕೊಂಡಳು. ಸೊಲ್ಲಾಪುರಕ್ಕ ಹೋಗಿ ಆಕಿ ರೈಲು ಹಿಡೀಬೇಕು. ಅವತ್ತ ನನ್ನ ಜೀಪು ಗ್ಯಾರೇಜಿನ್ಯಾಗ, ಹಂಗಾಗಿ ನಾನೂ ಇವನ ಹಿಂದಿನ ಸೀಟಿನ್ಯಾಗ ಕುಂತಿದ್ದೆ. ದಾರ್ಯಾಗ ವಳಸಂಗ ಊರು ಬಂತು. ಮೀಟರಿನ ಮುಳ್ಳು ನೋಡ್ತೀನಿ, ನಲವತ್ತೂ ಇಲ್ಲ.

"ಗುರುಸಿದ್ಧಪ್ಪಾ, ಇವತ್ತ ಬುಟ್ಟಿ ಇಲ್ಲಲ್ರಿ. ರೈಲು ತಪ್ಪತದ, ಜರಾ ಜೋರ ಬಿಡ್ರಿ" ಅಂದಳು ಸಾವಿತ್ರಿಬಾಯಿ.

ಕನ್ನಡ್ಯಾಗ ಅವನ ಮಾರಿ ನೋಡಿದೆ. ರೈಲು ತಪ್ಪಲಿ ಅಂತನ ಹಿಂಗ ಹೊಂಟಾನ, ಗೊತ್ತಾತು. ಸಿಟ್ಟೂ ಬಂತು, ಪಾಪನೂ ಅನಿಸ್ತು. "ಲೇ, ಆಕಿ ಮಗಳು ದಾರಿ ಕಾಯಾಕತ್ತಾಳ" ಅಂದೆ.

ಗುರುಸಿದ್ಧ ಗೇರ್ ಬದಲಿಸಿದ. ಐವತ್ತು, ಅರವತ್ತು.

"ಇನ್ನಷ್ಟು ಒತ್ತೋ!" ಅಂದೆ ನಾ.

"ಅರವತ್ತ ಸಾಕು. ಮುಟ್ಟಸ್ತೀನಿ."

ಬೋರ್ಡಿನ್ಯಾಗ ಬರದಷ್ಟ. ಒಂದು ಗೆರಿ ಮ್ಯಾಲಿಲ್ಲ, ಒಂದು ಗೆರಿ ಕೆಳಗಿಲ್ಲ. ಸ್ಟೇಷನ್ ಮುಟ್ಟಿದಾಗ ರೈಲು ಇನ್ನೂ ನಿಂತಿತ್ತು.

ಇಳಿಯೋ ಮುಂದ ಆಕಿ ಬ್ಯಾಗಿನಿಂದ ಅರಿವ್ಯಾಗ ಸುತ್ತಿದ ನಾಕು ರೊಟ್ಟಿ ತಗದು ಕೊಟ್ಟಳು. "ನಿಮಗಂತ ಇಟ್ಟಿದ್ದೆ. ಮುರದಾವೇನ ನೋಡ್ರಿ."

"ಇಲ್ರಿ ಅಕ್ಕಾರ, ಹಂಗ ಅದಾವ" ಅಂದ. ಬಿಚ್ಚಿ ನೋಡಲೇ ಇಲ್ಲ.

ತಿರುಗಿ ಬರೋ ಮುಂದ ನಾ ಮುಂದಿನ ಸೀಟಿಗೆ ಹತ್ತಾಕ ಹೋದೆ. ಅಲ್ಲಿ ರೊಟ್ಟಿ ಗಂಟು ಇಟ್ಟಿದ್ದ.

"ಹಿಂದ ಕೂಡು" ಅಂದ.

ಖಾಲಿ ಜೀಪು, ಖಾಲಿ ರೋಡು, ಮುಳ್ಳು ಮೂವತ್ತರ ಮ್ಯಾಲ. ನನಗ ತಡಕೊಳ್ಳಾಕ ಆಗಲಿಲ್ಲ. "ಈಗರ ಜೋರ ಬಿಡೋ ಮಾರಾಯಾ, ಇನ್ನ ಯಾರ ಸಲುವಾಗಿ?"

"ರೊಟ್ಟಿ ಅದಾವಲೇ" ಅಂದ ಗುರುಸಿದ್ಧ, ಅಳಕೋತ. "ಜೋರ ಹೋದ್ರ ಮುರಿತಾವ."